ಶಿರೋಳದ ಸವಳಿನಲ್ಲಿ ಬಿಟ್ಟುಬಂದ ಚಪ್ಪಲಿ

ಹೊರಡುವ ಹಿಂದಿನ ರಾತ್ರಿ ಅವ್ವ ಹೇಳಿದ್ದು ಎರಡೇ ಮಾತು. ನರಸೋಬಾವಾಡಿಯಿಂದ ಕವಠದ (ಬೇಲದ ಹಣ್ಣಿನ) ಬರ್ಫಿ ತರಬೇಕು. ಆಮೇಲೆ, "ನಮ್ಮ ಮನಿ ನುಂಗಿದ ಹೊಳಿ ಮ್ಯಾಲಕಡೆ ಹೆಂಗೈತಿ, ನೋಡಕೊಂಡ ಬಾ."

ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರು ಏರಿ ಬಂದಾಗ ತೊಲೆ, ಬಾಗಿಲು, ಬೀಸುವ ಕಲ್ಲು ಹೇರಿಕೊಂಡು ನವನಗರದ ಸೆಕ್ಟರಿಗೆ ಬಂದೆವು. ಎಷ್ಟು ವರ್ಷವಾದರೂ ಅವ್ವನಿಗೆ ಊರು ಅಂದರೆ ನೀರಿನಡಿ ಇರುವುದೇ. ನಾನು ಸಾಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಆಲಮಟ್ಟಿಯ ಎತ್ತರ 519.60 ಮೀಟರ್, ನೀರು 123 ಟಿಎಂಸಿ ಎಂದು ಮಕ್ಕಳಿಗೆ ಉರು ಹೊಡೆಸಿದ್ದೇನೆ. ಆದರೆ ಕೃಷ್ಣಾ ಹೊಳೆಯ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಕಡೆ, ಆ ನೀರನ್ನು ಯಾರು ಎತ್ತುತ್ತಾರೆ, ಎತ್ತಿ ಏನು ಮಾಡುತ್ತಾರೆ, ಕಣ್ಣಾರೆ ಕಂಡಿರಲಿಲ್ಲ. ತಂಗಿಯ ಮಗನಿಗೆ ನಾಲ್ಕು ದಿನ ರಜೆ ಸಿಕ್ಕಿತು, ಅವನ ಬೈಕಿತ್ತು. ಹೊರಟೆವು.

ಮೊದಲ ದಿನ: ಕಾಗವಾಡದ ಆಚೆ

ಫೆಬ್ರವರಿ ಕೊನೆಯ ವಾರ. ಜಮಖಂಡಿ, ಅಥಣಿ ದಾಟಿ ಕಾಗವಾಡ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಬ್ಬಿನ ಹಂಗಾಮಿನಲ್ಲಿ ಈ ದಾರಿಗೆ ರಾತ್ರಿ ಮಾತ್ರ ಇಳಿಯಬೇಡಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಹಿಂದೆ ದೀಪವಿಲ್ಲ, ಡ್ರೈವರನ ತಲೆಯ ಮೇಲೆ ಎದೆ ನಡುಗಿಸುವ ಹಾಡು. ಹಾರ್ನ್ ಹೊಡೆದರೆ ಅವನಿಗೆ ಕೇಳುವುದಿಲ್ಲ, ಕೇಳಿದರೂ ಅವನು ಸರಿಯುವುದಕ್ಕೆ ಜಾಗ ಇರುವುದಿಲ್ಲ. ಹಗಲು ಹೊತ್ತಿನಲ್ಲೇ ಅಂಥ ಏಳೆಂಟು ಟ್ರಾಲಿಗಳ ಬೆನ್ನು ನೋಡಿಕೊಂಡು ಅರ್ಧ ದಾರಿ ಕಳೆದೆವು. ಉದುರಿದ ಕಬ್ಬನ್ನು ಆಯಲು ರಸ್ತೆ ಬದಿಯಲ್ಲಿ ಮಕ್ಕಳು ಕಾಯುತ್ತಿದ್ದವು.

ಕಾಗವಾಡದಿಂದ ಗಣೇಶವಾಡಿಗೆ ನಾಲ್ಕು ಹೆಜ್ಜೆ. ಎಲ್ಲಿ ಕರ್ನಾಟಕ ಮುಗಿಯಿತು ಎಂಬುದು ಅಂಗಡಿ ಫಲಕದಿಂದಲೇ ಗೊತ್ತಾಗಬೇಕು, ಕಬ್ಬು ಎರಡೂ ಕಡೆ ಒಂದೇ. ಚಹಾದಂಗಡಿಯಲ್ಲಿ ಅಳಿಯ ತನ್ನ ಹರಕು ಮರಾಠಿಯಲ್ಲಿ "ದೋನ್ ಚಹಾ ದ್ಯಾ" ಅಂದ. ಅಂಗಡಿಯ ಹೆಣ್ಣುಮಗಳು ಸ್ಟೋವಿನಿಂದ ತಲೆ ಎತ್ತದೆ, "ಕನ್ನಡಾನ ಮಾತಾಡ ತಮ್ಮಾ, ನಿನ್ನ ಮರಾಠಿ ಕೇಳಿದ್ರ ಹಾಲ ಒಡದಾವು" ಎಂದಳು. ಆಮೇಲೆ ನಾಲ್ಕೂ ದಿನ ಅವನು ಮರಾಠಿಯ ಗೊಡವೆಗೆ ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ.

ಔರವಾಡದ ಸೇತುವೆ ದಾಟಿದರೆ ನರಸೋಬಾವಾಡಿ. ಕೃಷ್ಣೆಗೆ ಪಂಚಗಂಗೆ ಬಂದು ಸೇರುವ ಜಾಗ. ದತ್ತನ ಗುಡಿಯಲ್ಲಿ ಮೂರ್ತಿಯಿಲ್ಲ, ಪಾದುಕೆಗೆ ಪೂಜೆ. ಮಳೆಗಾಲದಲ್ಲಿ ಹೊಳೆ ಏರಿ ಗರ್ಭಗುಡಿಯೊಳಗೆ ಹೊಕ್ಕು ಪಾದುಕೆ ತೊಳೆದು ದಕ್ಷಿಣದ ಬಾಗಿಲಿನಿಂದ ಹೊರಬೀಳುವುದನ್ನು ದಕ್ಷಿಣದ್ವಾರ ಅನ್ನುತ್ತಾರೆ. ಆ ನೀರಲ್ಲಿ ಮೀಯಲು ದೂರದೂರದಿಂದ ಜನ ಬರುತ್ತಾರೆ. ಮೊದಲಿನಿಂದಲೂ ಇಲ್ಲಿ ಮಹಾಪೂರಕ್ಕೂ ಒಂದು ಮರ್ಯಾದೆಯ ಜಾಗವಿತ್ತು. ನಾವು ಹೋದಾಗ ಹೊಳೆ ಮೆಟ್ಟಿಲುಗಳಿಂದ ಬಹಳ ಕೆಳಗೆ, ಹಸಿರು ಬಣ್ಣಕ್ಕೆ ತಿರುಗಿ, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ ಇತ್ತು.

ಭಕ್ತನಿವಾಸದಲ್ಲಿ ಕೋಣೆ ಸುಲಭಕ್ಕೆ ಸಿಕ್ಕಿತು. ಗುರುವಾರ, ಹುಣ್ಣಿಮೆ ತಪ್ಪಿಸಿ ಬಂದರೆ ಯಾವ ತೊಂದರೆಯೂ ಇಲ್ಲ. ಸಂಜೆ ಬಾಸುಂದಿ ಅಂಗಡಿಯಲ್ಲಿ ಬಟ್ಟಲು ಹಿಡಿದು ಕೂತಾಗ ಪಕ್ಕದ ಹಿರಿಯರು ಯಾವೂರೆಂದು ಕೇಳಿದರು. ಬಾಗಲಕೋಟೆ ಅಂದೆ. ಅವರ ಚಮಚ ಅಲ್ಲೇ ನಿಂತಿತು.

"ಆಲಮಟ್ಟಿಯವರಾ? ನೀವು ಗೇಟ ಹಾಕೋದು, ನಾವ ಮುಳಗೂದು."

ಅಂಗಡಿಯಲ್ಲಿ ಇನ್ನೂ ಮೂವರು ನಮ್ಮತ್ತ ತಿರುಗಿದರು. 2005, 2019, 2021: ಅವರು ವರ್ಷಗಳನ್ನು ಸತ್ತವರ ಹೆಸರು ಹೇಳಿದ ಹಾಗೆ ಹೇಳಿದರು. ಈಗ ಆಲಮಟ್ಟಿಯನ್ನು 524 ಮೀಟರಿಗೆ ಏರಿಸುತ್ತಾರಂತೆ, ಹಾಗಾದರೆ ನಮ್ಮ ಗತಿ ಏನು ಎಂದರು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು, ಒಂದೇ ವಾರದಲ್ಲಿ ಸುರಿದ ಮಳೆ, ಹೊಳೆದಂಡೆಯಲ್ಲಿ ಎದ್ದ ಮನೆಗಳು, ಇವೆಲ್ಲದರ ಲೆಕ್ಕ ನನ್ನ ಬಾಯಿ ತುದಿಗೆ ಬಂದಿತ್ತು. ವಾದಕ್ಕಿಳಿದರೆ ಬಾಸುಂದಿ ಆರುತ್ತಿತ್ತು. "ಅಜ್ಜಾರ, ಆ ಗೇಟ ಹಾಕಿದಾಗ ಮೊದಲ ಮುಳುಗಿದ್ದು ನಮ್ಮ ಮನಿರೀ" ಅಂದೆ ಅಷ್ಟೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗಡಿಯವನಿಗೆ ನಮ್ಮ ಬಾಸುಂದಿ ದುಡ್ಡು ಇಸಗೋಬ್ಯಾಡ ಎಂದು ಸನ್ನೆ ಮಾಡಿ, ನಾಳೆ ತಮ್ಮ ಹೊಲಕ್ಕೆ ಬರಬೇಕೆಂದು ಗಂಟುಬಿದ್ದರು. "ಪೂರ ಎರಡ ವಾರದಾಗ ಇಳದ ಹೋಗತೈತಿ ಮಾಸ್ತರ. ಇಳೀಲಾರದ್ದೊಂದ ಐತಿ, ಅದನ್ನ ತೋರಸ್ತೀನಿ."

ಎರಡನೇ ದಿನ: ಖಿದ್ರಾಪುರ, ರಾಜಾಪುರ, ಸವಳು

ಬೆಳಿಗ್ಗೆ ಬೇಗ ಎದ್ದು ಕುರುಂದವಾಡದ ಮೇಲಿಂದ ಖಿದ್ರಾಪುರಕ್ಕೆ ಹೋದೆವು. ಕೋಪೇಶ್ವರ ಗುಡಿಯ ಸ್ವರ್ಗಮಂಟಪಕ್ಕೆ ನಡುವೆ ಚಾವಣಿ ಇಲ್ಲ, ದುಂಡಗೆ ಆಕಾಶ ಬಿಟ್ಟಿದ್ದಾರೆ. ಎಂಟು ಗಂಟೆಗೆ ಮುಂಚೆ ಹೋದರೆ ಓರೆ ಬಿಸಿಲು ಕಂಬಗಳ ಮೇಲೆ ಬಿದ್ದಿರುವಾಗ ನೋಡಬಹುದು. ಶಿವನ ಎದುರು ನಂದಿ ಇಲ್ಲ. ನಂದಿ ಹೊಳೆಯಾಚೆ ಯಡೂರಿನಲ್ಲಿದ್ದಾನೆ ಎನ್ನುತ್ತಾರೆ. ಶಿವ ಮಹಾರಾಷ್ಟ್ರಕ್ಕೆ, ನಂದಿ ಕರ್ನಾಟಕಕ್ಕೆ. ಗಡಿ ಆಯೋಗಗಳಿಗಿಂತ ಮೊದಲೇ ಯಾರೋ ಪಾಲು ಮಾಡಿಟ್ಟಿದ್ದರು ಎಂದು ಅಳಿಯ ನಕ್ಕ.

ಅಲ್ಲಿಂದ ಹತ್ತಿರವೇ ರಾಜಾಪುರ ಬಂಧಾರ, ಹೊಳೆಗೆ ಅಡ್ಡ ಕಟ್ಟಿದ ಒಡ್ಡು. ಮಳೆಗಾಲದಲ್ಲಿ "ರಾಜಾಪುರ ಬ್ಯಾರೇಜಿನಿಂದ ಇಷ್ಟು ಸಾವಿರ ಕ್ಯುಸೆಕ್" ಎಂದು ಟಿವಿಯಲ್ಲಿ ಕೇಳಿ ನಾವು ನವನಗರದಲ್ಲಿ ಎದೆ ಹಿಡಿದುಕೊಳ್ಳುವ ರಾಜಾಪುರ ಇದೇ. ಏನೋ ದೊಡ್ಡದು ಅಂದುಕೊಂಡಿದ್ದೆ. ಸಾಲಾಗಿ ಕಲ್ಲಿನ ಕಂಬ, ನಡುನಡುವೆ ತಗಡಿನ ಹಲಗೆ, ಮೇಲೊಂದು ಬೈಕ್ ಹೋಗುವಷ್ಟು ದಾರಿ. ಹಲಗೆ ಹಾಕಿದ್ದರಿಂದ ಮೇಲ್ಗಡೆ ನೀರು ದಂಡೆ ತನಕ ನಿಂತಿತ್ತು. ಕೆಳಗಡೆ ಬಂಡೆ ಎದ್ದು, ಬಂಡೆಗಳ ನಡುವೆ ಎಮ್ಮೆ ಮಲಗುವಷ್ಟು ನೀರು. ದಂಡೆಯುದ್ದಕ್ಕೂ ಹೊಳೆ ನೀರೆತ್ತುವ ಜಾಕ್‌ವೆಲ್‌ಗಳು ಸಾಲುಗಟ್ಟಿದ್ದವು, ಒಂದೊಂದರಿಂದ ದಪ್ಪ ಪೈಪು ಹೊರಟು ಕಬ್ಬಿನೊಳಗೆ ಮಾಯ. ಬೇಸಿಗೆಯಲ್ಲಿ ಅಥಣಿ, ಜಮಖಂಡಿ ಕಡೆ ಹೊಳೆ ಬತ್ತಿ, ಕೊಯ್ನಾದಿಂದ ಎರಡು ಟಿಎಂಸಿ ಬಿಡಿ ಎಂದು ನಮ್ಮ ಸರ್ಕಾರ ಪತ್ರ ಬರೆಯುತ್ತದಲ್ಲ, ಆ ಪತ್ರದ ಅರ್ಥ ಈ ಬಂಧಾರದ ಮೇಲೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರೆ ತಿಳಿಯುತ್ತದೆ.

ಅಜ್ಜ ಹೇಳಿದ ಊರಿಗೆ ಹನ್ನೊಂದಕ್ಕೆ ಮುಟ್ಟಿದೆವು. ಹಳ್ಳಿಯ ಹೆಸರು ಬರೆಯುವುದಿಲ್ಲ, ಕೊಲ್ಹಾಪುರ ಜಿಲ್ಲೆಯ ಈ ಶಿರೋಳ ತಾಲೂಕಿನಲ್ಲಿ ಇಂಥ ಹಳ್ಳಿ ಬಹಳ. ಜೈನರ ಮನೆ, ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ. ಮಜ್ಜಿಗೆ ಕುಡಿಸಿ, "ಬರ್ರಿ, ಬೆಳ್ಳಿಯಂಥಾ ಭೂಮಿ ತೋರಸ್ತೀನಿ" ಎಂದು ಹೊರಟರು.

ಕಬ್ಬಿನ ನಡುವಿನ ಬದುವಿನಲ್ಲಿ ನಡೆದು ತಿರುಗಿದ ಕೂಡಲೇ ಕಣ್ಣು ಕುಕ್ಕಿತು. ಯಾರೋ ಎರಡೆಕರೆಗೆ ಸುಣ್ಣ ಸಾರಿಸಿದ ಹಾಗೆ ನೆಲ ಬೆಳ್ಳಗಿತ್ತು. ಅಲ್ಲಲ್ಲಿ ಬಳ್ಳಾರಿ ಜಾಲಿ, ತಗ್ಗಿನಲ್ಲಿ ಆಪು ಹುಲ್ಲು, ಉಳಿದದ್ದು ಬಟಾಬಯಲು. ಬಗ್ಗಿ ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು, ಹಿಂದೆ ಸ್ವಲ್ಪ ಕಹಿ. ಇನ್ನೂ ಚೆನ್ನಾಗಿ ನೋಡೋಣವೆಂದು ಒಳಗೆ ಹೆಜ್ಜೆ ಇಟ್ಟೆ. ಮೇಲೆ ಹಪ್ಪಳದಂತೆ ಒಣಗಿದ ಪದರ, ಅಡಿಯಲ್ಲಿ ಕೆಸರು. ಕಾಲು ಮೊಣಕಾಲಿಗಿಂತ ಒಂದು ಗೇಣು ಕಡಿಮೆ ಹೂತುಹೋಯಿತು. ಅಳಿಯ ರಟ್ಟೆ ಹಿಡಿದು ಎಳೆದಾಗ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕೈ ಹಾಕಿ ಹುಡುಕಿದೆ, ಕೋಲು ಹಾಕಿ ಹುಡುಕಿದೆ.

ಅಜ್ಜ ಬದುವಿನ ಮೇಲೆ ಕೂತು ನಕ್ಕರು. "ಬಿಡ್ರಿ ಮಾಸ್ತರ. ನಂದ ಎರಡೆಕರೆ ತಗೊಂಡೈತಿ, ನಿಮ್ಮ ಒಂದ ಚಪ್ಪಲಿ ಬಿಡತೈತೇನ?"

ಅವರು ಹೇಳಿದ ಕಥೆ ಇಷ್ಟು. ಅವರ ತಂದೆಯ ಕಾಲಕ್ಕೆ ಇಲ್ಲಿ ಜೋಳ, ಶೇಂಗಾ; ಭಾವಿಯಿಂದ ಸ್ವಲ್ಪ ಬೆಲ್ಲದ ಕಬ್ಬು. ಆಮೇಲೆ ಊರವರು ಸಂಘ ಕಟ್ಟಿ, ಸೊಸೈಟಿ ಸಾಲ ತೆಗೆದು, ಹೊಳೆಯಿಂದ ಪೈಪು ತಂದರು. ನೀರು ಬಂದ ವರ್ಷ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಮೆರವಣಿಗೆ. 740 ತಳಿಯ ಕಬ್ಬು ಹಾಕಿದರು, ಆಳೆತ್ತರ ದಾಟಿತು. "ಮೊದಲನೇ ಹತ್ತ ವರ್ಷ ನಮ್ಮನ್ನ ಹಿಡಿಯವ್ರ ಇರಲಿಲ್ಲ. ಮನಿ ಕಟ್ಟಿಸಿದ್ವಿ, ಹೆಣ್ಣಮಕ್ಕಳ ಲಗ್ನ ಮಾಡಿದ್ವಿ. ಬ್ಯಾರೆ ಪೀಕ ಹಾಕಿದ್ರ ಮಾರಾಕ ಪ್ಯಾಟಿಗೆ ಒಯ್ಯಬೇಕು, ದಲಾಲಿ ಕೈ ಕಾಲ ಹಿಡೀಬೇಕು. ಕಬ್ಬಿಗೆ ಕಾರಖಾನಿಯವರ ಹೊಲಕ್ಕ ಬರತಾರ. ಯಾರ ಬಿಟ್ಟಾರು?"

ಅಡಸಾಲಿ ಕಬ್ಬೆಂದರೆ ಹದಿನೆಂಟು ತಿಂಗಳು. ಅಷ್ಟೂ ತಿಂಗಳು ಸಾಲಿನಲ್ಲಿ ಹಾಯಿನೀರು. ನೀರಿನ ದುಡ್ಡು ಎಕರೆಗಿಷ್ಟು ಎಂದಿತ್ತೇ ಹೊರತು ಎಷ್ಟು ಹಾಸಿದಿ ಎಂದು ಕೇಳುವವರಿರಲಿಲ್ಲ. ಪಾಳಿ ಬಂದ ರಾತ್ರಿ ಮೋಟರು ಹಚ್ಚಿ ಮಲಗಿದರೆ ಬೆಳಗಾದ ಮೇಲೆ ಬಂದ್ ಮಾಡುವುದು. ಎರಿ ಭೂಮಿ ನೀರನ್ನು ಹೀರುತ್ತದೆ, ಬಿಟ್ಟುಕೊಡುವುದಿಲ್ಲ. ವರ್ಷದ ಮೇಲೆ ವರ್ಷ ನೆಲದಡಿಯ ನೀರು ಮೇಲೇರಿ ಬೇರಿಗೆ ಬಂತು. ಬಿಸಿಲು ಆ ನೀರನ್ನು ಎಳೆದುಕೊಂಡಿತು, ನೀರಲ್ಲಿ ಕರಗಿದ್ದ ಉಪ್ಪನ್ನು ಮೇಲೆ ಬಿಟ್ಟಿತು. ಮೇಲಿಂದ ಯೂರಿಯಾ ಸುರಿದದ್ದು ಬೇರೆ. ಮೊದಲು ಹೊಲದ ಮೂಲೆಯಲ್ಲಿ ತಾಟಿನಗಲ ಬಿಳಿ ಮಚ್ಚೆ ಕಂಡಿತಂತೆ. ಹೆಂಡತಿ ಅದನ್ನು ಕಂಡು ಯಾರೋ ಮಾಟ ಮಾಡಿಸಿದ್ದಾರೆ ಅಂದರಂತೆ. ಮೂರನೇ ವರ್ಷಕ್ಕೆ ಮಚ್ಚೆ ಕಣದಷ್ಟಾಯಿತು. ನಮ್ಮ ಕಡೆ ಸವಳು ಜವಳು ಎಂದು ಒಂದೇ ಉಸಿರಿನಲ್ಲಿ ಅನ್ನುತ್ತೇವಲ್ಲ, ಅಲ್ಲಿ ಎರಡೂ ಒಂದೇ ಹೆಜ್ಜೆಯಲ್ಲಿ ಸಿಕ್ಕಿತು: ಮೇಲೆ ಸವಳು, ಅಂದರೆ ಉಪ್ಪಿನ ನೆಲ; ಕೆಳಗೆ ಜವಳು, ಅಂದರೆ ನೀರು ನಿಂತ ಕೆಸರು.

ಮಗ ಈಗ ಇಚಲಕರಂಜಿಯ ಪವರ್‌ಲೂಮಿನಲ್ಲಿ ಪಾಳಿ ಮಾಡುತ್ತಾನೆ. ಪಹಣಿ ಉತಾರದಲ್ಲಿ ಬಾಗಾಯತ, ಅಂದರೆ ನೀರಾವರಿ ಭೂಮಿಯ ಒಡೆಯ, ಕೈಯಲ್ಲಿ ವಾರದ ಪಗಾರ. ಕನ್ಯಾ ನೋಡಲು ಹೋದಾಗ ಹೆಣ್ಣಿನವರು ಎಕರೆ ಎಷ್ಟು ಎಂದು ಕೇಳುವುದಿಲ್ಲ, ಅದರಲ್ಲಿ ಕರಿ ಎಷ್ಟು ಬಿಳಿ ಎಷ್ಟು ಎಂದು ಕೇಳುತ್ತಾರಂತೆ.

ಮಗ್ಗುಲಿನ ಹೊಲದಲ್ಲಿ ಮತ್ತೆ ಹಸಿರು ಕಂಡಿತು. ಅಲ್ಲಿ ನೆಲದಡಿ ತೂತಿನ ಪೈಪು ಹಾಸಿದ್ದಾರೆ. ಆಳೆದೆಯಷ್ಟು ಆಳಕ್ಕೆ ಅಗೆದು, ಮಣ್ಣು ಹೋಗದಂತೆ ಬಟ್ಟೆ ಸುತ್ತಿದ ಪೈಪನ್ನು ಸಾಲಾಗಿ ಹೂತು, ಇಳಿಜಾರು ಕೊಟ್ಟು ಹಳ್ಳಕ್ಕೆ ಬಿಡುವುದು. ಮೇಲಿಂದ ಮಳೆ ಉಪ್ಪನ್ನು ತೊಳೆಯುತ್ತದೆ, ಪೈಪು ಹೊರಗೊಯ್ಯುತ್ತದೆ. ಎರಡು ಮೂರು ವರ್ಷಕ್ಕೆ ಭೂಮಿ ತಿರುಗಿ ಬರುತ್ತದೆ. ಆದರೆ ಹಳ್ಳದವರೆಗಿನ ಎಲ್ಲರೂ ಕೂಡಬೇಕು. ಇವರಿಗೂ ಹಳ್ಳಕ್ಕೂ ನಡುವೆ ಇಬ್ಬರು ಅಣ್ಣತಮ್ಮಂದಿರ ಹೊಲ, ಅವರಿಬ್ಬರ ನಡುವೆ ಕೋರ್ಟಿನಲ್ಲಿ ದಾವೆ. ಪೈಪು ಬದುವಿನಲ್ಲಿ ಬಂದು ನಿಂತಿದೆ.

"ಹಳ್ಳಕ್ಕ ಬಿಟ್ಟ ಉಪ್ಪಿನ ನೀರ ಮುಂದ ಎಲ್ಲಿಗೆ ಹೋಗತೈತ್ರಿ?" ಎಂದು ಕೇಳಿದೆ.

"ಹೊಳಿಗೆ. ಹೊಳಿಯಿಂದ ರಾಜಾಪುರಕ್ಕ. ಅಲ್ಲಿಂದ ನಿಮಗ!" ಅಜ್ಜ ತೊಡೆ ತಟ್ಟಿ ನಕ್ಕರು. "ಬಾಸುಂದಿ ತಿಂದೀರಿ, ಉಪ್ಪೂ ಉಣ್ರಿ."

ಮನೆಯ ಹೊಸ್ತಿಲಲ್ಲಿ ಅವರ ಸೊಸೆ ಹಳೆಯ ರಬ್ಬರ್ ಚಪ್ಪಲಿ ಒಂದು ಜೊತೆ ತಂದಿಟ್ಟಳು. ಒಂದೇ ಸಾಕೆಂದರೂ ಕೇಳಲಿಲ್ಲ. ಅದು ನನ್ನ ಅಳತೆಗೆ ಎರಡು ಬೆರಳು ದೊಡ್ಡದು. ಉಳಿದ ಪ್ರವಾಸ ಚಟಪಟ ಸದ್ದು ಮಾಡಿಕೊಂಡೇ ನಡೆಯಿತು. ರಾತ್ರಿ ಮಿರಜದ ಸ್ಟೇಷನ್ನಿನ ಎದುರಿನ ಲಾಡ್ಜು. ಸೊಳ್ಳೆಯ ಬಗ್ಗೆ ಬರೆಯದಿರುವುದೇ ಒಳ್ಳೆಯದು. 2016ರ ಏಪ್ರಿಲಿನಲ್ಲಿ ಲಾತೂರಿಗೆ ರೈಲಿನ ಟ್ಯಾಂಕರಿನಲ್ಲಿ ಕುಡಿಯುವ ನೀರು ಹೋದದ್ದು ಇದೇ ಸ್ಟೇಷನ್ನಿನಿಂದ.

ಮೂರನೇ ದಿನ: ನೀರು ಗುಡ್ಡ ಹತ್ತುವ ಕಡೆ

ಮ್ಹೈಸಾಳ ಮಿರಜದಿಂದ ಅರ್ಧ ಗಂಟೆ. ಕೃಷ್ಣೆಯ ನೀರನ್ನು ಎತ್ತಿ ಹಂತ ಹಂತವಾಗಿ ಮೇಲೇರಿಸಿ ಮಿರಜ, ಕವಠೆ ಮಹಾಂಕಾಳ, ಜತ್ತದ ಒಣ ಸೀಮೆಗೆ ಕಳಿಸುವ ಯೋಜನೆ ಇಲ್ಲಿಂದಲೇ ಶುರು. 1980ರ ದಶಕದಲ್ಲಿ ಮಂಜೂರಾದದ್ದು, ಇನ್ನೂ ಬೆಳೆಯುತ್ತಲೇ ಇದೆ. ಪಂಪ್‌ಹೌಸಿನ ಒಳಗೆ ಬಿಡಲಿಲ್ಲ. ಕಾವಲಿನವನು, "ಫೋಟೋ ಬ್ಯಾಡ್ರಿ, ಸಪ್ಪಳ ಕೇಳ್ರಿ ಬೇಕಾದ್ರ" ಎಂದ. ಕೇಳಿದೆವು. ಅಂಗಾಲಿನಿಂದ ಹತ್ತುವ ಸಪ್ಪಳ.

ಒಮ್ಮೆ ಈ ಸಪ್ಪಳ ನಿಂತೇ ಹೋಗಿತ್ತಂತೆ, ಕರೆಂಟ್ ಬಿಲ್ಲು ಕಟ್ಟದ್ದಕ್ಕೆ. ಹೊಳೆ ತುಂಬಿ ಹರಿಯುವಾಗಲೂ ಪಂಪು ಬಂದ್, ಮೇಲೆ ಹೊಲ ಒಣ. ಈಗ ಬಿಲ್ಲಿನ ನೂರರಲ್ಲಿ 81 ಪಾಲು ಸರ್ಕಾರ, 19 ಪಾಲು ರೈತರು. ಇಲ್ಲಿ ನನ್ನ ಮಾಸ್ತರ ಬುದ್ಧಿ ಒಂದು ಲೆಕ್ಕ ಹಾಕಿತು. ಕೃಷ್ಣೆಯ ನೀರು ಹಂಚಿದ ಬಚಾವತ್ ಐತೀರ್ಪಿನಂತೆ ಕೊಯ್ನಾದಿಂದ ವರ್ಷಕ್ಕೆ 67.5 ಟಿಎಂಸಿಯಷ್ಟು ನೀರನ್ನು ಸಹ್ಯಾದ್ರಿಯ ಆಚೆ ಪಶ್ಚಿಮಕ್ಕೆ ಇಳಿಸಿ ಕರೆಂಟು ಮಾಡಬಹುದು; ಆ ನೀರು ಮತ್ತೆ ಕೃಷ್ಣೆಗೆ ಬರುವುದಿಲ್ಲ, ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಒಂದು ಪಾಲು ನೀರನ್ನು ಪಡುವಣಕ್ಕೆ ಬೀಳಿಸಿ ಕರೆಂಟು ಹುಟ್ಟಿಸುವುದು, ಉಳಿದ ನೀರನ್ನು ಮೂಡಣಕ್ಕೆ ಎತ್ತಲು ಕರೆಂಟು ಸುಡುವುದು. ಐದನೇತ್ತೆಯ ಹುಡುಗ ಇದನ್ನು ಕೇಳಿದ್ದರೆ ನಾನು ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಿದ್ದೆ.

ಹಾಗೆಂದು ನೀರು ಬಂದದ್ದು ಸುಳ್ಳಲ್ಲ. ಬೇಡಗದ ಹತ್ತಿರ ಕಾಲುವೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಮಾತಾಡಿಸಿದೆ. ಒಬ್ಬಾಕೆ, "ಮೊದಲ ಟ್ಯಾಂಕರ ಹಿಂದ ಕೊಡ ಹಿಡದ ಓಡತಿದ್ವಿ ಅಣ್ಣಾ. ಈಗ ನೋಡ್ರಿ, ಕುಂತಲ್ಲೇ ಒಗೀತೀವಿ" ಅಂದಳು. ಅವಳ ಎದುರು ನಿಂತು ಉಪ್ಪಿನ ಕಥೆ ಹೇಳಲು ಬಾಯಿ ಬರಲಿಲ್ಲ. ಆದರೆ ಅವಳ ಹಿಂದಿನ ಹೊಲದಲ್ಲಿ ದ್ರಾಕ್ಷಿ ಚಪ್ಪರ ಕಿತ್ತು ಹೊಸದಾಗಿ ಕಬ್ಬು ನಾಟಿ ಮಾಡಿದ್ದರು. ಹನಿ ನೀರಿನಲ್ಲಿ ಬದುಕಿದ್ದ ನೆಲಕ್ಕೆ ಹಾಯಿನೀರು. ನಿನ್ನೆ ಅಜ್ಜ ಹೇಳಿದ ಮೊದಲನೇ ಹತ್ತು ವರ್ಷ ಇಲ್ಲಿ ಈಗ ನಡೆದಿರಬೇಕು.

ಮುಂದೆ ದಾರಿಯುದ್ದಕ್ಕೂ ಹಸಿರು ಬಲೆ ಕಟ್ಟಿದ ಮಣೂಕದ (ಒಣದ್ರಾಕ್ಷಿಯ) ಶೆಡ್ಡುಗಳು. ಒಂದರಲ್ಲಿ ಇಳಿದು ಕೇಳಿದ್ದಕ್ಕೆ ಬೊಗಸೆ ತುಂಬ ಕೊಟ್ಟರು, ಇನ್ನೂ ಪೂರ್ತಿ ಒಣಗಿರಲಿಲ್ಲ. ಒಳಗೆ ಮೆತ್ತಗೆ, ಹುಳಿ ಹುಳಿ. ದುಡ್ಡು ಕೊಟ್ಟು ಅರ್ಧ ಕಿಲೋ ಕಟ್ಟಿಸಿಕೊಂಡೆವು.

ಜತ್ತಕ್ಕೆ ಎಂಟು ಕಿಲೋಮೀಟರ್ ಇರುವಾಗ ಹಿಂದಿನ ಗಾಲಿ ಪಂಕ್ಚರ್. ಮಟಮಟ ಮಧ್ಯಾಹ್ನ, ನೆರಳಿಲ್ಲ, ನನ್ನ ಕಾಲಲ್ಲಿ ಆ ದೊಡ್ಡ ಚಪ್ಪಲಿ. ಮಡಿಗ್ಯಾಳ ಕುರಿಗಳ ಹಿಂಡು ಹೊಡೆದುಕೊಂಡು ಹೊರಟಿದ್ದ ಕುರುಬ ಹುಡುಗ ನಮ್ಮನ್ನು ನೋಡಿ ಮರುಗಿ, ತನ್ನ ಮೊಬೈಲಿನಿಂದ ಪಂಕ್ಚರ್ ಅಂಗಡಿಯವನನ್ನು ಕರೆಸಿದ. ಗಿಣಿಮೂಗಿನ ಆ ಕುರಿಗಳನ್ನು ನೋಡುತ್ತ ಕಾದೆವು. ಹುಡುಗ ಐದು ನಿಮಿಷದಲ್ಲಿ ನಮ್ಮ ಬಾಟಲಿಯ ನೀರು ಮುಗಿಸಿದ. ಈ ಕಡೆ ಬರುವವರು ನೀರಿನ ಬಾಟಲಿ ಒಂದು ಹೆಚ್ಚೇ ಇಟ್ಟುಕೊಳ್ಳಿ. ಕುಡಿಯುವವರು ನೀವೊಬ್ಬರೇ ಆಗಿರುವುದಿಲ್ಲ.

ಸಂಜೆ ಗುಡ್ಡಾಪುರ. ದಾನಮ್ಮನ ಗುಡಿಯಲ್ಲಿ ಮಹಾರಾಷ್ಟ್ರಕ್ಕೆ ಬಂದಿದ್ದೇವೆ ಎನ್ನುವುದೇ ಮರೆಯುತ್ತದೆ. ಕಾರ್ತಿಕದ ಅಮಾವಾಸ್ಯೆಗೆ ನಮ್ಮ ಜಿಲ್ಲೆಗಳಿಂದ ಜನ ನಡೆದೇ ಬರುತ್ತಾರೆ. ದಾಸೋಹದಲ್ಲಿ ಗೋಧಿ ಹುಗ್ಗಿ, ಅನ್ನ, ಸಾರು. ಬಡಿಸುತ್ತಿದ್ದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹುಡುಗರೆಲ್ಲಿ ಎಂದೆ. "ಕಬ್ಬ ಕಡಿಯಾಕ ಹೋಗ್ಯಾರ್ರೀ" ಎಂದರು ಒಬ್ಬರು, ಅನ್ನದ ಬುಟ್ಟಿ ಮುಂದಕ್ಕೆ ಸರಿಸುತ್ತ.

ನಾಲ್ಕನೇ ದಿನ: ಸಂಖ, ತಿಕ್ಕುಂಡಿ

ಸಂಖದ ಕಡೆಗೆ ಹೋಗುವಾಗ ಮನೆಗಳ ಬಾಗಿಲಿಗೆ ಬೀಗ, ಕೀಲಿ ಮೂಲೆಯ ಮನೆಯ ಮುದುಕಿಯ ಸೊಂಟದಲ್ಲಿ. ಅಂಥ ಮುದುಕಿಯೊಬ್ಬಳು ಮೂರು ಮೊಮ್ಮಕ್ಕಳನ್ನು ಸಾಲಿಗೆ ಕಳಿಸಲು ಜಡೆ ಹಾಕುತ್ತಿದ್ದಳು. ಮಗ ಸೊಸೆ ದೀಪಾವಳಿಗೂ ಮುಂಚೆ ಕಬ್ಬು ಕಡಿಯುವ ಟೋಳಿ ಸೇರಿ ಶಿರೋಳದ ಕಡೆ ಹೋಗಿದ್ದಾರೆ. ಆಳುಗಳನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ತಗೊಂಡಾಗಿದೆ, ತೀರುವ ತನಕ ಬರುವಂತಿಲ್ಲ. "ಹೊಳಿ ನಮ್ಮ ಹತ್ರ ಬರಲಿಲ್ಲೋ ಯಪ್ಪಾ, ನಾವಾ ಹೊಳಿ ಹತ್ರ ಹೋಗ್ತೀವಿ" ಎಂದಳು. ಮೊನ್ನೆ ನಾನು ಬೈಯುತ್ತ ಬಂದ ಟ್ರಾಲಿಗಳಲ್ಲಿ ಇವಳ ಮಗ ಕಡಿದ ಕಬ್ಬೂ ಇದ್ದಿರಬಹುದು. ಚಿಕ್ಕವಳಿಗೆ ಜತ್ತದಲ್ಲಿ ಕೊಂಡ ಬಿಸ್ಕೀಟು ಕೊಟ್ಟೆ. ಕನ್ನಡ ಸಾಲಿಯ ಪಾಠ ಓದಿ ತೋರಿಸಿದಳು, ಒಂದು ಒತ್ತಕ್ಷರವೂ ತಪ್ಪಲಿಲ್ಲ.

ಮ್ಹೈಸಾಳದ ನೀರು ಮುಟ್ಟದ ಹಳ್ಳಿ ಜತ್ತ ತಾಲೂಕಿನಲ್ಲಿ 65 ಎನ್ನುತ್ತಾರೆ. ಹೆಚ್ಚಿನವು ಈ ಮೂಡಣ ಕಡೆಯವು, ಕನ್ನಡದವು. ಅವಕ್ಕಾಗಿ ವಿಸ್ತರಣೆ ಯೋಜನೆ ಮಂಜೂರಾಗಿದೆ. ದಾರಿಯಲ್ಲಿ ಒಂದು ಕಡೆ ಆಳು ಬಗ್ಗಿ ಹೋಗುವಷ್ಟು ದೊಡ್ಡ ಪೈಪುಗಳನ್ನು ಇಳಿಸಿದ್ದರು. ಒಂದರೊಳಗೆ ಆಡುಗಳು ಮಲಗಿದ್ದವು.

ತಿಕ್ಕುಂಡಿಯ ಕೆರೆ ದಂಡೆಗೆ ಹೋದಾಗ ಹತ್ತು ಗಂಟೆ. ತಗ್ಗಿನಲ್ಲಿ ನೀರು, ಸುತ್ತ ಬಿರಿದ ರಾಡಿ. ಬೇವಿನ ಗಿಡದ ಕೆಳಗೆ ಕೂತಿದ್ದ ನಾಲ್ವರು ನಮಗೂ ಜಾಗ ಮಾಡಿಕೊಟ್ಟರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ನಮ್ಮ ಮಣೂಕವನ್ನು ನಡುವೆ ಸುರಿದೆವು. 2022ರ ನವೆಂಬರಿನಲ್ಲಿ ಜತ್ತದ ನಲವತ್ತು ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತನ್ನು ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಎತ್ತಿದ ಕೆಲವೇ ದಿನಕ್ಕೆ ನಮ್ಮ ಕಡೆಯ ತುಬಚಿ ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಈ ಕೆರೆಗೆ ಬಂದಿತ್ತು. ಆ ದಿನವನ್ನು ಅವರು ಮದುವೆಯ ಸುದ್ದಿಯಂತೆ ಹೇಳಿದರು. ಹೆಣ್ಣುಮಕ್ಕಳು ಆರತಿ ತಂದರು, ಹುಡುಗರು ಚೊಣ್ಣದಲ್ಲೇ ಜಿಗಿದರು, ಟಿವಿಯವರು ಬಂದರು.

"ಹಂಗಾರ ಕರ್ನಾಟಕಕ್ಕ ಬರತೀರೇನ್ರಿ?" ಅಳಿಯ ಕೇಳಿದ.

ಒಬ್ಬರು ಹಿಂಡಿ ನಾಲಿಗೆಗೆ ಹಚ್ಚುತ್ತ ಹೇಳಿದರು: "ನೀರ ಯಾವ ಕಡಿಂದ ಬರತದೋ ನೋಡ್ತೀವಿ ತಮ್ಮಾ. ನಮ್ಮದು ಅದರ ಜಾತಿ ಅದ."

"ಮತ್ತ ಬರಲಿಲ್ಲೇನ್ರಿ ನೀರು?"

"ಅದರ ಮನಸಿಗೆ ಬಂದಾಗ ಬರತದ. ನಮ್ಮ ಹೆಸರಲೆ ಪಾಳಿ ಇಲ್ಲ. ಅವ್ರ ಹೊಲ ತುಂಬಿ ಹಳ್ಳಕ್ಕ ಬಿಟ್ಟಾಗ ನಮಗ ಬರತದ."

ನಾನು ಒಂದು ಕಡ್ಡಿ ತಗೊಂಡು ಮಣ್ಣಲ್ಲಿ ಹೊಳೆ ಗೀರಿದೆ. ಇಲ್ಲಿ ಮ್ಹೈಸಾಳ, ಇಲ್ಲಿ ರಾಜಾಪುರ, ಇಲ್ಲಿ ಅಥಣಿ, ಇಲ್ಲಿ ಜಮಖಂಡಿ. ಮ್ಹೈಸಾಳದಿಂದ ಇವರ ಕೆರೆಗೆ ಏರಲಾರದ ಕೃಷ್ಣೆ ಕರ್ನಾಟಕಕ್ಕೆ ಇಳಿಯುತ್ತದೆ, ಶಿರೋಳದ ಹಳ್ಳಗಳ ಉಪ್ಪನ್ನೂ ಕೂಡಿಸಿಕೊಂಡು ಜಮಖಂಡಿ ತಾಲೂಕಿಗೆ ಹೋಗುತ್ತದೆ, ಅಲ್ಲಿ ಅದನ್ನು ಇನ್ನೊಂದು ಸರ್ಕಾರ ಇನ್ನೊಂದು ಪಂಪಿನಿಂದ ಎತ್ತಿ, ಇನ್ನೊಂದು ಗುಡ್ಡ ಹತ್ತಿಸಿ, ತಿರುಗಿ ಮಹಾರಾಷ್ಟ್ರದ ಇದೇ ಕೆರೆಗೆ ಬಿಡುತ್ತದೆ. ಗೀರು ಹೊರಟಲ್ಲಿಗೇ ಬಂದು ಮುಟ್ಟಿತು. ಬೇಸಿಗೆಯಲ್ಲಿ ಅವರು ಕೊಯ್ನಾದಿಂದ ಬಿಡಲಿ, ಬದಲಿಗೆ ನಾವು ಜತ್ತಕ್ಕೆ ಕೊಡೋಣ ಎಂಬ ಎರಡು ಸರ್ಕಾರಗಳ ವಿನಿಮಯದ ಮಾತು ಎಷ್ಟೋ ವರ್ಷದಿಂದ ಪತ್ರಿಕೆಯಲ್ಲಿ ಬರುತ್ತಲೇ ಇದೆ.

ನಾಲ್ವರೂ ಬಗ್ಗಿ ನೋಡಿದರು. ಅವರಲ್ಲಿ ಹಿರಿಯರು ಜಮಖಂಡಿಯ ಕೆಳಗೆ ಬೆರಳಿಟ್ಟು, "ಇದರ ಮುಂದ ಏನದ ಮಾಸ್ತರ?" ಎಂದರು.

"ಮುಂದ ನಮ್ಮ ಮನಿ ಇತ್ತರಿ" ಎಂದೆ.

ತಿಕೋಟಾ ದಾಟಿ ವಿಜಯಪುರಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ದಾರಿ. ಚಿಕ್ಕಪಡಸಲಗಿಯ ಬ್ಯಾರೇಜಿನ ಹತ್ತಿರ ಚಹಾಕ್ಕೆ ನಿಂತೆವು. ಸರ್ಕಾರಕ್ಕೆ ಕಾಯದೆ ರೈತರೇ ಪಟ್ಟಿ ಎತ್ತಿ, ಕಲ್ಲು ಹೊತ್ತು 1989ರಲ್ಲಿ ಕಟ್ಟಿ ಮುಗಿಸಿದ್ದು ಅದು. ಅಳಿಯನಿಗೆ ಆ ಕಥೆ ಗೊತ್ತಿರಲಿಲ್ಲ. ಹೇಳುತ್ತ ಹೇಳುತ್ತ ಚಹಾ ಆರಿತು. ಕತ್ತಲಲ್ಲಿ ಎರಡೂ ದಂಡೆಯ ಮೋಟರು ಗುಂಯ್ ಅನ್ನುತ್ತಿದ್ದವು.

ಮನೆಗೆ ಬಂದಾಗ ರಾತ್ರಿ ಹತ್ತೂವರೆ. ಅವ್ವ ಎದ್ದೇ ಇದ್ದಳು. ಬರ್ಫಿಯ ಪೊಟ್ಟಣ ಬಿಚ್ಚಿ ಮೂಸಿ ನೋಡಿ, ಹುಳಿ ಇನ್ನೂ ಬೇಕಿತ್ತು ಎಂದಳು. ನನ್ನ ಕಾಲಿನ ಕಡೆ ನೋಡಿ, ಇದ್ಯಾರ ಚಪ್ಪಲಿ ಎಂದಳು. ಹೇಳಿದೆ. ಹೊಲದ ಕಥೆ, ಮುದುಕಿಯ ಕಥೆ, ಕೆರೆಯ ಕಥೆ ಎಲ್ಲ ಹೇಳಿದೆ. ಅವ್ವ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಒಂದೇ ಕೇಳಿದಳು:

"ಆ ಮುದುಕಿ ಮಗ ಎಂದ ಬರ್ತಾನಂತ?"

ಅದನ್ನು ಕೇಳಿಕೊಂಡು ಬಂದಿರಲಿಲ್ಲ.